ಮೇಘಾಳ ಎಡಗೈ

ದಶಲಕ್ಷಣ ಪರ್ವ ಮುಗಿದ ವಾರ, ಜುಗೂಳದ ಪಾಟೀಲರ ಮನೆಯ ಕಿರಿಯ ಸೊಸೆ ಮೇಘಾ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕುಕ್ಕರಿಸಿ ಎರಡನೆಯ ದಿನವೂ ವಾಂತಿ ಮಾಡಿಕೊಂಡಳು. ನೀರು ಸೋಸುತ್ತಿದ್ದ ಅತ್ತೆ ಶೈಲಾ, ಸೋಸುವ ಬಟ್ಟೆಯನ್ನು ಹಂಡೆಯ ಬಾಯಿಗೆ ಹಾಗೆಯೇ ಬಿಟ್ಟು ಓಡಿಹೋಗಿ ಸೊಸೆಯ ಬೆನ್ನು ನೀವಿದರು. ಕೊಟ್ಟಿಗೆಯಲ್ಲಿ ಎಮ್ಮೆ ಹಿಂಡುತ್ತಿದ್ದ ಹಿರಿಯ ಸೊಸೆ ಸುಗಂಧಾಳಿಗೆ ಅವರ ಅರಳಿದ ಮುಖ ಕಂಡಿತು. ಈ ಮನೆಗೆ ಬಂದ ಹನ್ನೊಂದು ವರ್ಷದಲ್ಲಿ ಅತ್ತೆ ತನ್ನನ್ನು ಅಂಥ ಮುಖದಿಂದ ನೋಡಿದ್ದು ಅವಳಿಗೆ ನೆನಪಿರಲಿಲ್ಲ.

ಮದುವೆಯಾದ ನಾಲ್ಕನೆಯ ವರ್ಷ ಸುಗಂಧಾ ಒಮ್ಮೆ ಬಸಿರಾಗಿದ್ದಳು. ಮೂರನೆಯ ತಿಂಗಳವರೆಗೂ ಕಬ್ಬಿನ ಹೊಲಕ್ಕೆ ಬುತ್ತಿ ಹೊತ್ತಳು. ಒಂದು ಮಧ್ಯಾಹ್ನ ಎಲ್ಲ ಹೋಯಿತು. ಆಮೇಲೆ ಬಸಿರು ನಿಲ್ಲಲೇ ಇಲ್ಲ. ಗಂಡ ವೃಷಭ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ, ಒಳ್ಳೆಯದೂ ಇಲ್ಲ, ಕೆಟ್ಟದೂ ಇಲ್ಲ. ಮೇಘಾ ನಿಪ್ಪಾಣಿ ಹತ್ತಿರದ ಭೋಜದವಳು. ಬಿ.ಕಾಂ ಓದಿದವಳು, ಎತ್ತರದ ಹುಡುಗಿ, ಬಸದಿಯಲ್ಲಿ ಪೂಜೆಯ ಹಾಡು ಹೇಳಿದರೆ ಹೆಂಗಸರು ತಿರುಗಿ ನೋಡುತ್ತಿದ್ದರು. ಮದುವೆಯಾಗಿ ಎರಡು ವರ್ಷವಾಗಿತ್ತು. ಗಂಡ ನಿತಿನ ಹೊಲದಿಂದ ಬಂದವನು ಮೊದಲು ಕೇಳುತ್ತಿದ್ದುದೇ ಅವಳೆಲ್ಲಿ ಎಂದು.

ಅಂದಿನಿಂದ ಮನೆಯ ಕೆಲಸದ ಪಾಳಿ ಬದಲಾಯಿತು. ಸಗಣಿ, ಮುಸುರೆ, ನೀರು ಎಲ್ಲ ಸುಗಂಧಾಳ ಪಾಲಿಗೆ ಬಂತು. ಶೈಲಾ ಕೊಬ್ಬರಿ ತುರಿದು, ಉತ್ತತ್ತಿ ಕುಟ್ಟಿ ಅಂಟಿನುಂಡಿ ಕಟ್ಟಿದರು. ಮಾವ ಭಾವುಸಾಹೇಬರು ಕಾಗವಾಡದ ಸಂತೆಯಿಂದ ದಾಳಿಂಬೆ ತಂದು ನೇರ ಮೇಘಾಳ ಕೈಗೆ ಕೊಟ್ಟರು. ಹಿಂದೆ ಹಿರಿಯ ಸೊಸೆಯ ಸುದ್ದಿ ಬೇಗ ಊರಿಗೆ ಗೊತ್ತಾದದ್ದರಿಂದಲೇ ಕೆಟ್ಟಿತು ಎಂಬುದು ಶೈಲಾ ಅವರ ನಂಬಿಕೆ. ಹಾಗಾಗಿ ಮೂರು ತಿಂಗಳು ತುಂಬುವ ತನಕ ದವಾಖಾನೆಯ ಮಾತೇ ಬೇಡ, ಭೋಜದ ಬೀಗತಿಯೊಬ್ಬರಿಗೆ ಬಿಟ್ಟು ಯಾರಿಗೂ ಹೇಳುವುದೂ ಬೇಡ ಎಂದು ಅವರು ಕಟ್ಟುನಿಟ್ಟು ಮಾಡಿದರು. ಮೇಘಾಳ ತಿಂಗಳ ಲೆಕ್ಕ ಮೊದಲಿನಿಂದಲೂ ಸರಿ ಇರಲಿಲ್ಲವಾದ್ದರಿಂದ ಅವಳಿಗೂ ಖಚಿತವಾಗಿ ಏನೂ ಹೇಳಲಾಗಲಿಲ್ಲ.

ಸುಗಂಧಾ ಅವಳನ್ನೇ ನೋಡುತ್ತಿದ್ದಳು. ನೋಡಬಾರದು ಅಂದುಕೊಂಡರೂ ಕಣ್ಣು ಅತ್ತಲೇ ಹೋಗುತ್ತಿತ್ತು. ಮೇಘಾ ಎಷ್ಟು ಉಂಡಳು, ಎಷ್ಟು ಬಿಟ್ಟಳು, ಎಷ್ಟು ಹೊತ್ತು ಮಲಗಿದಳು ಎಲ್ಲ ಅವಳಿಗೆ ಬಾಯಿಪಾಠವಾಯಿತು. ಮಜ್ಜಿಗೆಯ ಗಡಿಗೆ ಅವಳ ಎಡಗೈಯಿಂದ ಜಾರಿ ಒಡೆದಾಗ ನೆಲ ಒರೆಸಿದವಳು ಸುಗಂಧಾ. ಅಡುಗೆಮನೆಯ ಬಾಗಿಲು ದಾಟುವಾಗ ಅವಳು ಎಡ ಭುಜವನ್ನು ಚೌಕಟ್ಟಿಗೆ ಬಡಿದುಕೊಂಡಾಗ ಅತ್ತೆ ಓಡಿಬಂದು ಅರಿಶಿನ ಹಚ್ಚಿದರು. ಒಲೆಯ ಮೇಲಿನ ಹಾಲು ಉಕ್ಕಿದ್ದಕ್ಕೆ ಬೈಸಿಕೊಂಡವಳು ಮತ್ತೆ ಸುಗಂಧಾ. ಬಸುರಿಗೆ ಚಕ್ಕರು ಬರುತ್ತದೆ ಎಂದು ಶೈಲಾ ಎಲ್ಲರಿಗೂ ತಿಳಿಸಿ ಹೇಳುತ್ತಿದ್ದರು. ನಾಟಕ ಎಂದು ಸುಗಂಧಾ ಒಳಗೊಳಗೇ ಅಂದುಕೊಳ್ಳುತ್ತಿದ್ದಳು.

ಅದಕ್ಕೆ ಆಧಾರವೂ ಸಿಕ್ಕಿತು. ಒಂದು ದಿನ ಬಚ್ಚಲು ತೊಳೆಯುವಾಗ ಕಿಟಕಿಯ ಸಂದಿಯಲ್ಲಿ, ಹಳೆಯ ಪೇಪರಿನಲ್ಲಿ ಸುತ್ತಿಟ್ಟ ಒಂದು ಪಟ್ಟಿ ಕೈಗೆ ಬಂತು. ಔಷಧಿ ಅಂಗಡಿಯಲ್ಲಿ ಸಿಗುವ, ಬಸಿರು ನೋಡಿಕೊಳ್ಳುವ ಪಟ್ಟಿ. ಅದನ್ನು ಓದಲು ಸುಗಂಧಾಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ವರ್ಷಗಟ್ಟಲೆ ಅವಳೂ ಅದೇ ಬಚ್ಚಲಲ್ಲಿ ಅಂಥವನ್ನು ಬೆಳಕಿಗೆ ಹಿಡಿದು, ಎರಡನೆಯ ಗೆರೆ ಮೂಡೀತೇ ಎಂದು ಕಾದು, ಮುರಿದು ಎಸೆದಿದ್ದಳು. ಇದರಲ್ಲೂ ಇದ್ದದ್ದು ಒಂದೇ ಗೆರೆ.

ಅವಳು ಅದನ್ನು ತನ್ನ ಟ್ರಂಕಿನಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟಳು. ಹನ್ನೆರಡು ದಿನ ಯಾರಿಗೂ ಹೇಳಲಿಲ್ಲ. ಆ ಹನ್ನೆರಡು ದಿನ ಸಗಣಿ ಬಾಚುವಾಗಲೂ ಅವಳಿಗೆ ಬೇಸರವಾಗಲಿಲ್ಲ. ಮೇಘಾ ತಲೆನೋವೆಂದು ಹಣೆ ಕಟ್ಟಿಕೊಂಡು ಮಲಗಿದರೆ, ಮಲಗು, ಇನ್ನೆಷ್ಟು ದಿನ ಎಂದು ಮನಸ್ಸಿನಲ್ಲೇ ಅನ್ನುತ್ತಿದ್ದಳು.

ಹದಿಮೂರನೆಯ ದಿನ ಭಾನುವಾರ, ಭೋಜದಿಂದ ಮೇಘಾಳ ತಾಯಿ ಬುತ್ತಿ ತೆಗೆದುಕೊಂಡು ಬಂದರು. ಹೋಳಿಗೆ, ಮೊಸರನ್ನ, ಮಗಳಿಗೆ ಹಸಿರು ಸೀರೆ. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕೆಂದು ಎಲ್ಲರೂ ನಡುಮನೆಯಲ್ಲಿ ಒಟ್ಟಿಗೇ ಕುಳಿತಿದ್ದರು. ಶೈಲಾ ಬೀಗತಿಯ ಎದುರು ಸೊಸೆಯನ್ನು ಹೊಗಳುತ್ತ, ನಮ್ಮ ಮನಿ ದೀಪ ಹಚ್ಚಾಕ ಇಷ್ಟ ವರ್ಷ ಯಾರಿಂದಲೂ ಆಗಿರಲಿಲ್ಲ ಅಂದರು. ಸುಗಂಧಾಳ ಕೈಯಲ್ಲಿ ಪಲ್ಯದ ಪಾತ್ರೆ ಇತ್ತು. ಅದನ್ನು ಕೆಳಗಿಟ್ಟು ಒಳಗೆ ಹೋದಳು, ಪಟ್ಟಿ ತಂದು ಅತ್ತೆಯ ತಾಟಿನ ಪಕ್ಕ ಇಟ್ಟಳು.

"ಇದನ್ನೂ ಬೀಗರಿಗೆ ತೋರಸ್ರಿ ಅತ್ತಿ. ನಿಮ್ಮ ಸೊಸಿ ಬಚ್ಚಲದಾಗ ಮುಚ್ಚಿಟ್ಟಿದ್ಲು. ಹೊಟ್ಟ್ಯಾಗ ಏನೂ ಇಲ್ಲ."

ಯಾರೂ ತುತ್ತು ಎತ್ತಲಿಲ್ಲ. ನಿತಿನ ಪಟ್ಟಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಇದು ನಿನ್ನದೇನು ಎಂದು ಕೇಳಿದ. ಮೇಘಾ ಹೌದೆಂದು ತಲೆಯಾಡಿಸಿದಳು.

"ಹೇಳಬೇಕಂತಿದ್ನಿ," ಅಂದಳು. "ಪಟ್ಟಿ ತಪ್ಪ ತೋರಿಸಿರಬೇಕು ಅನಸ್ತು. ಇನ್ನೊಂದ ತಿಂಗಳ ನೋಡೂನು ಅಂತ ಸುಮ್ಮನಾದ್ನಿ. ಎಲ್ಲಾರೂ ಅಷ್ಟ ಖುಷಿಲೆ ಇದ್ರಿ. ಖರೇನ ನನಗ ತಲಿ ಬಾಳ ನೋಯ್ತೈತ್ರಿ."

ಆ ಕೊನೆಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ತಾಯಿ ಸೀರೆಯ ಗಂಟನ್ನು ಬಿಚ್ಚದೆ ಸಂಜೆಯ ಬಸ್ಸಿಗೆ ವಾಪಸಾದರು.

ಮರುದಿನದಿಂದ ಮೇಘಾಳಿಗೆ ಸಗಣಿ, ಮುಸುರೆ, ನೀರು ಎಲ್ಲ ತಿರುಗಿ ಬಂತು, ಸುಗಂಧಾಳ ಪಾಲಿನದೂ ಸೇರಿ ಬಂತು. ನಿತಿನ ಅಣ್ಣನ ಜೊತೆ ಹೊಲದ ಮನೆಯಲ್ಲಿ ಉಣ್ಣತೊಡಗಿದ. ಅವಳು ವಾಂತಿ ಮಾಡಿಕೊಂಡರೆ ಶೈಲಾ ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಇನ್ನೂ ಯಾಕ ಈ ಸೋಗು ಎಂದು ಒಮ್ಮೆ ಕೇಳಿದರು, ಅಷ್ಟೆ. ಬೆಳಗಿನ ಚಹಾವನ್ನು ಮೊದಲು ಸುಗಂಧಾಳ ಕೈಗೆ ಕೊಟ್ಟರು. ಸುಗಂಧಾ ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತು ಅದನ್ನು ಸಾವಕಾಶವಾಗಿ ಕುಡಿದಳು. ಆರು ದಿನ ಹಾಗೆ ನಡೆಯಿತು. ಆ ಆರು ದಿನ ತನಗೆ ಚೆನ್ನಾಗಿ ನಿದ್ದೆ ಬಂತು ಎಂಬುದನ್ನು ಅವಳು ಮುಂದೆ ಎಷ್ಟೋ ಸಲ ನೆನೆದು ಸಂಕಟಪಟ್ಟಳು.

ಏಳನೆಯ ದಿನ ಬೆಳಗ್ಗೆ ಮೇಘಾ ಒಲೆಯ ಮುಂದೆ ನಿಂತು ಭಕ್ರಿ ಬೇಯಿಸುತ್ತಿದ್ದಳು. ಸುಗಂಧಾ ಬಾಗಿಲಲ್ಲಿ ಕುಳಿತು ಮೆಂತ್ಯಸೊಪ್ಪು ಸೋಸುತ್ತಿದ್ದಳು. ಏನೋ ಸುಟ್ಟ ವಾಸನೆ ಬಂತು. ಭಕ್ರಿ ಹೊತ್ತಿರಬೇಕು ಅಂದುಕೊಂಡು ತಲೆ ಎತ್ತಿದಳು. ಮೇಘಾಳ ಬಲಗೈ ಹಿಟ್ಟಿನ ಡಬ್ಬಿಯಲ್ಲಿತ್ತು. ಎಡಗೈಯ ಬೆರಳುಗಳು ಕಾದ ಹಂಚಿನ ಅಂಚಿನ ಮೇಲಿದ್ದವು. ಅವಳು ಎತ್ತ ಕಡೆಯೋ ನೋಡುತ್ತ ಸುಮ್ಮನೆ ನಿಂತಿದ್ದಳು.

ಸುಗಂಧಾ ಓಡಿಹೋಗಿ ಆ ಕೈಯನ್ನು ಕಿತ್ತು ಕೊಡದ ನೀರಿನಲ್ಲಿ ಅದ್ದಿದಳು. ಮೂರು ಬೆರಳು ಬೆಳ್ಳಗೆ ಬೆಂದಿದ್ದವು. ಮೇಘಾ ಅವುಗಳನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದಳು.

"ಉರಿ ಆಗಲಿಲ್ಲೇನ?" ಎಂದು ಸುಗಂಧಾ ಕೇಳಿದಳು.

"ಏನೋ ಬೆಚ್ಚಗ ಅನಸ್ತು ಅಕ್ಕಾ."

ನಾಟಕ ಮಾಡುವವರು ಕೈ ಸುಟ್ಟುಕೊಳ್ಳುವುದಿಲ್ಲ ಎಂಬುದು ಸುಗಂಧಾಳಿಗೆ ಆ ಕ್ಷಣಕ್ಕೇ ಹೊಳೆಯಿತು. ಅದರ ಜೊತೆಗೇ ಮಜ್ಜಿಗೆಯ ಗಡಿಗೆ, ಬಾಗಿಲ ಚೌಕಟ್ಟು, ಅದಕ್ಕೂ ಮೊದಲು ನಾಗರಪಂಚಮಿಯ ಹೊತ್ತಿಗೆ ಒಡೆದ ಬಳೆ ಒಂದೊಂದೂ ನೆನಪಾಗಿ, ಎಲ್ಲವೂ ಎಡಗಡೆಯವೇ ಎಂಬುದೂ ತಿಳಿಯಿತು. ಒದ್ದೆ ಕೈಯಲ್ಲೇ ಗಂಡನಿಗೆ ಫೋನು ಹಚ್ಚಿ, ಮಿರಜಿಗೆ ಹೋಗಬೇಕು ಎಂದು ಗಾಡಿ ತರಲು ಹೇಳಿದಳು. ಸುಟ್ಟ ಗಾಯಕ್ಕೆ ಮಿರಜಿನವರೆಗೆ ಯಾಕೆ, ಕಾಗವಾಡದ ಡಾಕ್ಟರು ಸಾಕಲ್ಲವೇ ಎಂದು ವೃಷಭ ಕೇಳಿದ.

"ಕೈಗಲ್ಲ," ಅಂದಳು ಸುಗಂಧಾ. "ತಲಿಯಾಗ ಏನೋ ಐತಿ. ನಿತಿನಗೂ ಕರಕೊಂಡ ಬಾ."

ಮಿರಜಿನ ದೊಡ್ಡ ಆಸ್ಪತ್ರೆಯಲ್ಲಿ ಮೇಘಾಳನ್ನು ಸಿಟಿ ಸ್ಕ್ಯಾನಿನ ಕೋಣೆಗೆ ಕರೆದೊಯ್ದರು. ಮೊದಲು ಹಾಗೆಯೇ, ಆಮೇಲೆ ರಕ್ತನಾಳಕ್ಕೆ ಔಷಧ ಬಿಟ್ಟು ಇನ್ನೊಮ್ಮೆ ತಲೆಯ ಚಿತ್ರ ತೆಗೆದರು. ಹೊರಗಿನ ಬೆಂಚಿನ ಮೇಲೆ ನಿತಿನ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಮಾತು ಬಿಟ್ಟ ಆ ವಾರಕ್ಕಾಗಿ ತನ್ನನ್ನೇ ಬೈದುಕೊಳ್ಳುತ್ತಿದ್ದ. ಸುಗಂಧಾಳಿಗೆ ತನ್ನ ಬಸಿರು ಹೋದ ದಿನದ, ಏಳು ವರ್ಷದ ಹಿಂದಿನ ಒಂದು ಬೆಂಚು ನೆನಪಾಯಿತು. ಅಂದು ವೃಷಭ ಚಹಾ ಕುಡಿದು ಬರುತ್ತೇನೆಂದು ಹೋದವನು ಸಂಜೆಗೆ ಬಂದಿದ್ದ. ಮೇಘಾ ಒಳಗೆ ಸಾಯುತ್ತಿದ್ದಾಳೋ ಏನೋ, ಇಂಥ ಹೊತ್ತಿನಲ್ಲೂ ಅವಳ ಗಂಡನ ಕಣ್ಣೀರನ್ನು ಕಂಡು ನನಗೆ ಹೊಟ್ಟೆ ಉರಿಯುತ್ತಿದೆಯಲ್ಲ ಎಂದು ಅವಳು ಎದ್ದು ಹೋಗಿ ನಲ್ಲಿಯ ಹತ್ತಿರ ನಿಂತಳು.

ವಾರ್ಡಿನ ಎಳೆಯ ಡಾಕ್ಟರು ಮೊದಲು ಚಿತ್ರ ನೋಡಿ, ಮೆದುಳಿನ ಬಲಭಾಗದಲ್ಲಿ ದೊಡ್ಡ ಗಂಟಿದೆ, ಬಹುಶಃ ಕೀವು ತುಂಬಿದ ಗಂಟು, ಹಾಗಿದ್ದರೆ ತಲೆಬುರುಡೆಗೆ ಸಣ್ಣ ತೂತು ಹಾಕಿ ಸೂಜಿಯಿಂದ ಹೀರಿ ತೆಗೆಯಬಹುದು ಎಂದರು. ಮೆದುಳಿನ ಬಲಭಾಗ ಎಡಗೈಯನ್ನು ಆಳುತ್ತದೆ ಎಂಬುದನ್ನೂ ಅವರೇ ತಿಳಿಸಿದರು. ಹಿರಿಯ ಸರ್ಜನರು ನೋಡಿದ ಮೇಲೆ ತೀರ್ಮಾನ ಎಂದರು. ಅಷ್ಟರಲ್ಲಿ ಶೈಲಾ ಮತ್ತು ಭಾವುಸಾಹೇಬರೂ ಬಂದು ಮುಟ್ಟಿದ್ದರು.

ಸರ್ಜನರು ಅಥಣಿ ಕಡೆಯವರು, ಅರವತ್ತರ ಹತ್ತಿರದವರು. ಎಲ್ಲರನ್ನೂ ಒಳಗೆ ಕರೆದು ಚಿತ್ರವನ್ನು ಪರದೆಯ ಮೇಲೆ ತೋರಿಸಿದರು. ಬೂದು ಬಣ್ಣದ ಮೆದುಳಿನ ನಡುವೆ ಮೋಸಂಬಿ ಗಾತ್ರದ ಕಪ್ಪು ವರ್ತುಲವೊಂದು ಕೂತಿತ್ತು. ನಟ್ಟನಡುವಿನ ಗೆರೆ ಅದರ ಒತ್ತಡಕ್ಕೆ ಎಡಕ್ಕೆ ಸರಿದಿತ್ತು.

"ಕೈವಾರ ಇಟ್ಟು ಹೊಡದಂಗ ದುಂಡಗ ಐತಿ ನೋಡ್ರಿ," ಅಂದರು. "ಒಳಗ ನೀರಿನಷ್ಟ ಕಪ್ಪು. ಕೀವು ಇದ್ದಿದ್ರ ಔಷಧ ಬಿಟ್ಟಾಗ ಸುತ್ತಲೂ ಬಳಿ ಹಂಗ ಬೆಳ್ಳಗ ಹೊಳೀತಿತ್ತು, ಪಕ್ಕದ ಮೆದುಳು ಬಾತಿರತಿತ್ತು. ಇಲ್ಲಿ ಎರಡೂ ಇಲ್ಲ. ನನಗ ಬ್ಯಾರೆ ಸಂಶೆ ಐತಿ. ಆದ್ರ ಇದು ಯಾವಾಗ ಸುರು ಆತು, ಹೆಂಗ ಬೆಳೀತು ಅನ್ನೂದು ನನಗ ಗೊತ್ತಾಗಬೇಕು."

ನಿತಿನ ಒಂದು ವಾರವೆಂದ. ಶೈಲಾ ಒಂದು ತಿಂಗಳಿಂದ ವಾಂತಿ ಎಂದರು. ವಾರದ ಹಿಂದೆ ಮೈ ಬಿಸಿಯಾಗಿತ್ತೋ ಏನೋ ಎಂದೂ ಸೇರಿಸಿದರು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ, ಜ್ವರ ಇತ್ತೋ ಇಲ್ಲವೋ ಸರಿಯಾಗಿ ಹೇಳಿ ಎಂದರು. ಯಾರಿಗೂ ಗೊತ್ತಿರಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ಸುಗಂಧಾ ಆಗ ಮಾತಾಡಿದಳು.

"ಜ್ವರ ಒಂದ ದಿನಾನೂ ಬಂದಿಲ್ರಿ. ನಾಗರಪಂಚಮಿ ಹಿಂದಿನ ದಿನ ಎಡಗೈ ಬಳಿ ಎರಡ ಒಡದ್ವು, ಗ್ವಾಡಿಗಿ ಬಡಿದು. ಅದಾಗಿ ಎಂಟ ದಿನಕ್ಕ ಮತ್ತ ಎರಡ. ಪರ್ವ ಮುಗಿದ ಮ್ಯಾಲೆ ವಾಂತಿ ಸುರು ಆತ್ರಿ, ಮುಂಜಾನೆ ಏಳೂ ಹೊತ್ತಿಗೆ ಅಷ್ಟ, ಮಧ್ಯಾಹ್ನ ಇಲ್ಲ. ಅದರ ಮುಂದಿನ ಮಂಗಳವಾರ ಮಜ್ಜಿಗಿ ಗಡಿಗಿ ಬಿತ್ತು. ಬಾಗಲಕ್ಕ ಎಡ ಹೆಗಲ ಬಡಿದದ್ದು ನಾಕ ಸಲ. ಹದಿನೈದ ದಿನದಿಂದ ತಲಿ ಬಾಚಿದ್ರ ಎಡಗಡೆ ಹಂಗ ಬಿಡತಾಳ್ರಿ. ತಾಟಿನ್ಯಾಗ ಎಡಗಡೆ ಇರೂ ಪಲ್ಯೆ ಉಣ್ಣೂದಿಲ್ಲ."

ಡಾಕ್ಟರು ಒಂದೊಂದನ್ನೂ ಬರೆದುಕೊಂಡರು. ನೀವು ಇವಳ ಅಕ್ಕನೇ ಎಂದು ಕೇಳಿದರು. ನೆಗೆಣ್ಣಿ ಎಂದಳು. ಇಷ್ಟು ಲಕ್ಷ್ಯವಿಟ್ಟು ನೋಡುವವರು ಮನೆಯಲ್ಲಿ ಒಬ್ಬರಿದ್ದರೆ ನಮ್ಮ ಕೆಲಸ ಅರ್ಧ ಹಗುರ ಎಂದು ಅವರು ಮೆಚ್ಚಿದರು. ಸುಗಂಧಾ ನೆಲ ನೋಡಿದಳು. ಶೈಲಾ ಅವಳನ್ನೇ ದಿಟ್ಟಿಸುತ್ತಿದ್ದರು. ಅದು ಎಂಥ ಲಕ್ಷ್ಯವೆಂದು ಆ ಕೋಣೆಯಲ್ಲಿ ಅವರಿಬ್ಬರಿಗೇ ಗೊತ್ತಿತ್ತು.

ಇನ್ನೊಂದು ಪ್ರಶ್ನೆಯನ್ನು ಡಾಕ್ಟರು ಮೇಘಾಳಿಗೇ ಕೇಳಿದರು: ಚಿಕ್ಕಂದಿನಲ್ಲಿ ನಾಯಿ, ಕುರಿ ಇರುವಲ್ಲಿ ಆಡಿದ್ದುಂಟೇ? ಮೇಘಾ ಮಲಗಿದಲ್ಲಿಂದಲೇ ನಿಧಾನವಾಗಿ ಹೇಳಿದಳು. ಭೋಜದಲ್ಲಿ ಅವರ ಹೊಲದಲ್ಲಿ ಪ್ರತಿವರ್ಷ ಗೊಬ್ಬರಕ್ಕೆಂದು ಕುರಿಹಿಂಡು ಕೂರಿಸುತ್ತಿದ್ದರಂತೆ. ಕುರುಬರ ನಾಯಿಮರಿಗಳನ್ನು ಉಡಿಯಲ್ಲಿ ಹಾಕಿಕೊಂಡು, ಅದೇ ಕೈಯಲ್ಲಿ ಹೊಲದ ಗಜ್ಜರಿ ಕಿತ್ತು ತಿನ್ನುತ್ತಿದ್ದಳಂತೆ. ಡಾಕ್ಟರು ತಲೆಯಾಡಿಸಿದರು. ನಾಯಿಯ ಹೊಟ್ಟೆಯಲ್ಲಿರುವ ಒಂದು ಹುಳುವಿನ ತತ್ತಿ ಹೀಗೆ ಮನುಷ್ಯರ ಬಾಯಿಗೆ ಹೋಗುತ್ತದೆ, ಅಪರೂಪಕ್ಕೆ ಮೆದುಳಿಗೂ ಏರಿ ನೀರಿನ ಚೀಲದಂತೆ ವರ್ಷಗಟ್ಟಲೆ ಬೆಳೆಯುತ್ತದೆ, ನನ್ನ ಇಡೀ ಕಸುಬಿನಲ್ಲಿ ಇಂಥವನ್ನು ಮೂರು ನೋಡಿದ್ದೇನೆ ಎಂದರು. ಸೋಸದ ನೀರು ಕುಡಿಯದ, ತತ್ತಿ ಮುಟ್ಟದ ಮನೆಗೆ ಹುಳು ಬರುವುದೆಂದರೇನು ಎಂದು ಶೈಲಾ ಎರಡೆರಡು ಸಲ ಕೇಳಿದರು. ತಿನ್ನುವುದಕ್ಕಿಂತ ಮಣ್ಣಿನ ಕೈಯೇ ಇದಕ್ಕೆ ಸಾಕು, ಯಾರದೂ ತಪ್ಪಲ್ಲ ಎಂದು ಅವರು ಸಮಾಧಾನ ಹೇಳಿದರು.

"ಸೂಜಿ ಹಚ್ಚೂ ಹಂಗಿಲ್ಲ," ಎಂದು ಎಳೆಯ ಡಾಕ್ಟರ ಕಡೆ ತಿರುಗಿ ಹೇಳಿದರು. "ಚೀಲ ಒಡೀತಂದ್ರ ಒಳಗಿನ ನೀರ ಚೆಲ್ಲಿ ಜೀವಕ್ಕ ಬರತೈತಿ. ಇಡಿಯಾಗಿ ತಗೀಬೇಕು."

ಎರಡನೆಯ ದಿನ ಶಸ್ತ್ರಕ್ರಿಯೆಯಾಯಿತು. ಬೆಳಗ್ಗೆ ಒಂಬತ್ತಕ್ಕೆ ಒಳಗೆ ಹೋದವಳ ಸುದ್ದಿ ಬರಲು ಮಧ್ಯಾಹ್ನ ಎರಡಾಯಿತು. ಬುರುಡೆಯ ಒಂದು ಭಾಗ ತೆಗೆದು, ತಲೆಯನ್ನು ತಗ್ಗಿಸಿ, ಚೀಲಕ್ಕೂ ಮೆದುಳಿಗೂ ನಡುವೆ ಉಪ್ಪುನೀರು ಹನಿಹನಿಯಾಗಿ ಬಿಡುತ್ತ ಹೋದರಂತೆ. ಚೀಲ ತಾನೇ ತೇಲಿ ಹೊರಜಾರಿತಂತೆ. ಸರ್ಜನರು ಅದನ್ನು ಸ್ಟೀಲಿನ ಬಟ್ಟಲಲ್ಲಿ ತಂದು ತೋರಿಸಿದರು. ಬೆಳ್ಳಗೆ, ತೆಳ್ಳಗೆ, ಒಂದೂ ಗೀರಿಲ್ಲದ ಚೀಲ. ಭಾವುಸಾಹೇಬರು ನೋಡಲಾರದೆ ಹೊರಗೆ ಹೋದರು. ಸುಗಂಧಾ ಬಗ್ಗಿ ನೋಡಿದಳು. ಇಷ್ಟು ದಿನ ತಾನು ಹೊಟ್ಟೆಕಿಚ್ಚುಪಟ್ಟದ್ದು ಇದರ ಮೇಲೆ ಎಂದು ಅವಳಿಗನಿಸಿತು.

ದೀಪಾವಳಿಯ ಹಿಂದಿನ ದಿನ ಮೇಘಾ ಜುಗೂಳಕ್ಕೆ ಬಂದಳು. ಬೋಳಿಸಿದ ತಲೆಗೆ ಹತ್ತಿಯ ಪಂಚೆ ಸುತ್ತಿದ್ದಳು, ಬಲಗಿವಿಯ ಮೇಲೆ ಕುದುರೆಲಾಳದಂಥ ಹೊಲಿಗೆ. ಎಡಗೈಗೆ ಶಕ್ತಿ ಸ್ವಲ್ಪ ಸ್ವಲ್ಪವಾಗಿ ಬರುತ್ತಿತ್ತು. ಡಾಕ್ಟರು ಕೆಲವು ತಿಂಗಳ ಗುಳಿಗೆ ಬರೆದುಕೊಟ್ಟು, ಗುಳಿಗೆ ಮುಗಿದು ಮತ್ತೆ ಸ್ಕ್ಯಾನ್ ಆಗುವ ತನಕ, ಅಂದರೆ ಒಂದು ವರ್ಷ, ಬಸಿರಾಗಬಾರದು ಎಂದು ಎಲ್ಲರೆದುರು ಹೇಳಿದ್ದರು. ಶೈಲಾ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದರು.

ಕೈ ಪಳಗಲೆಂದು ಸುಗಂಧಾ ದಿನಾ ಮಧ್ಯಾಹ್ನ ಮೇಘಾಳ ಮುಂದೆ ಒಂದು ಬುಟ್ಟಿ ಶೇಂಗಾ ಇಡುತ್ತಿದ್ದಳು. ಎಡಗೈಯಲ್ಲೇ ಸುಲಿಯಬೇಕು. ಸುಟ್ಟ ಬೆರಳಿನ ತೊಗಲು ಹೊಸದಾಗಿ ಬಂದು ಗುಲಾಬಿಯಾಗಿತ್ತು. ಒಂದು ದಿನ ಹಾಗೆ ಕುಳಿತಿದ್ದಾಗ ಮೇಘಾ, ನನ್ನ ಕೈಯಿಂದ ಏನೇನು ಬಿತ್ತು ಎಂಬುದು ನನ್ನ ಗಂಡನಿಗೂ ನೆನಪಿಲ್ಲ, ನಿಮಗೆ ಅಷ್ಟೂ ಹೇಗೆ ನೆನಪಿತ್ತು ಅಕ್ಕಾ ಎಂದು ಕೇಳಿದಳು.

ಸುಗಂಧಾ ಸುಳ್ಳು ಹೇಳಬಹುದಿತ್ತು. ಇಡೀ ಊರು ಅವಳನ್ನು ಪುಣ್ಯವಂತೆ ಎನ್ನುತ್ತಿತ್ತು.

"ಪ್ರೀತಿಲೆ ನೋಡಿದ್ದಲ್ಲ ಮೇಘಾ. ಹೊಟ್ಟಿ ಉರಕೊಂಡ ನೋಡಿದ್ದು," ಅಂದಳು. "ಇನ್ನೊಂದ ಹೇಳತೀನಿ ಕೇಳು. ಒಂದ ವರ್ಷ ಬಸರಾಗಬಾರ್ದು ಅಂದ್ರಲ್ಲ ಡಾಕ್ಟರು, ಆವಾಗ ನನಗ ಒಳಗ ಹಗುರ ಅನಸ್ತು. ನೀ ಸಾಯಾಕತ್ತಿದ್ದು ನೋಡಿದ ಮ್ಯಾಲೂ ಹಂಗ ಅನಸ್ತು. ನಿನಗ ಗೊತ್ತಿರಲಿ."

ಮೇಘಾಳ ಬೆರಳು ನಿಂತವು. ಶೇಂಗಾದ ಬುಟ್ಟಿಯನ್ನು ಸರಿಸಿ, ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಮರುದಿನ ಮಾತಾಡಲಿಲ್ಲ, ಅದರ ಮರುದಿನವೂ ಇಲ್ಲ. ಹೇಳದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಸುಗಂಧಾ ಎಮ್ಮೆಯ ಹತ್ತಿರ ಕುಳಿತಾಗ ಅಂದುಕೊಂಡಳು. ಹೇಳಿದ್ದು ಸರಿಯೇ ಎಂದೂ ಅಂದುಕೊಂಡಳು. ಶೇಂಗಾದ ಬುಟ್ಟಿಯನ್ನು ಮಾತ್ರ ದಿನಾ ತಪ್ಪದೆ ಇಟ್ಟುಬರುತ್ತಿದ್ದಳು. ಸಂಜೆ ನೋಡಿದರೆ ಕಾಳು ಸುಲಿದಿರುತ್ತಿತ್ತು.

ನಾಲ್ಕನೆಯ ದಿನ ಶೈಲಾ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಂದರು. ಹೊಲಿಗೆಯ ಗೆರೆ ಪೂರ್ತಿ ಮಾಯ್ದಿತ್ತು, ತಲೆಗೆ ಇನ್ನು ಎಣ್ಣೆ ಹಚ್ಚಬಹುದೆಂದು ಡಾಕ್ಟರು ಹೇಳಿದ್ದರು. ಆಸ್ಪತ್ರೆಯಿಂದ ಬಂದಾಗಿನಿಂದ ಮೇಘಾ ತನ್ನ ತಲೆಯನ್ನು ನಿತಿನನಿಗೂ ತೋರಿಸಿರಲಿಲ್ಲ. ಶೈಲಾ ಅವಳ ಹಿಂದೆ ಮಣೆ ಎಳೆದುಕೊಂಡು ಕುಳಿತು ಪಂಚೆಗೆ ಕೈ ಹಾಕಿದರು. ಮೇಘಾ ಅದನ್ನು ಹಿಡಿದುಕೊಂಡಳು.

"ಅಕ್ಕ ಹಚ್ಚಲಿ ಬಿಡ್ರಿ ಅತ್ತಿ," ಅಂದಳು.

ಸುಗಂಧಾ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ಶೈಲಾ ಎಣ್ಣೆಯ ಬಟ್ಟಲು ಹಿಡಿದು ಮಣೆಯಿಂದ ಎದ್ದರು. ಅವರ ತುಟಿ ಬಿಗಿಯಾಯಿತು, ಕಣ್ಣು ಒಮ್ಮೆ ಮೇಘಾಳ ಕಡೆ, ಒಮ್ಮೆ ಸುಗಂಧಾಳ ಕಡೆ ಹೋಯಿತು. ಆ ಮುಖ ಸುಗಂಧಾಳಿಗೆ ಹೊಸದೇನಲ್ಲ. ಅಂಥ ಮುಖವನ್ನು ಅವಳು ಎಷ್ಟೋ ದಿನ ತಾನೇ ಹೊತ್ತು ತಿರುಗಿದ್ದಳು. ಅವಳು ಕೈ ತೊಳೆದು ಬಂದು ಮಣೆಯನ್ನು ಗೋಡೆಯ ಕಡೆ ಸರಿಸಿ, ಅಲ್ಲಿ ಇಬ್ಬರು ಕೂರುವಷ್ಟು ಜಾಗ ಮಾಡಿದಳು.

"ಹೊಲಿಗಿ ಕಡೆ ನನ್ನ ಕೈ ಒರಟ ಆಗತೈತಿ," ಅಂದಳು. "ಆ ಬಾಜೂ ನೀವ ಹಚ್ಚರಿ ಅತ್ತಿ. ಈ ಬಾಜೂ ನಾ ಹಚ್ಚತೀನಿ."

ಮೇಘಾ ಪಂಚೆಯ ಗಂಟು ಬಿಚ್ಚಿದಳು.